ಸೊಕ್ಕಿನ ಲಕ್ಷಣ ಸಂಗ್ರಹ

ಸೊಕ್ಕು, ಅಂದರೆ ತಿಂದದ್ದು ತಲೆಗೇರುವ ಅಮಲು, ಪದಾರ್ಥದ ಗುಣವೋ, ತಿಂದವನ ಗುಣವೋ ಎಂಬ ಪ್ರಶ್ನೆಯನ್ನು ಪೂರ್ವಸೂರಿಗಳು ಯಾಕೋ ಎತ್ತಿಕೊಂಡಂತಿಲ್ಲ. ಬೋರ್‌ವೆಲ್ ನಂಬಿ ಅಡಿಕೆ ನೆಟ್ಟಿರುವ ಕಡೂರು ತಾಲ್ಲೂಕಿನ ಪಂಚನಹಳ್ಳಿ ಹೋಬಳಿಯಂಥ ಬಯಲುಸೀಮೆಯಲ್ಲಿ ಕೂತು ಅದನ್ನು ಎತ್ತದೆ ಬಿಡುವುದು ಶಾಸ್ತ್ರದ್ರೋಹ.

ಆದಿಯಲ್ಲಿ ಹಸಿಸೊಕ್ಕು. ಕಿವಿ ಬಿಸಿಯಾಗುವುದು, ಹಣೆ ಬೆವರುವುದು, ಎದೆ ಡವಗುಟ್ಟುವುದು, ಹತ್ತಿರದ ಕಂಬದ ಮೇಲೆ ಹಠಾತ್ ಪ್ರೀತಿ ಹುಟ್ಟುವುದು ಇದರ ಲಕ್ಷಣ. ಅಡಿಕೆಯಲ್ಲಿರುವ ಅರೆಕೋಲಿನ್ ನರಗಳ ಮೇಲೆ ಮಾಡುವ ಕೆಲಸ ಇದು. ಇದರ ಒಳಭೇದಗಳಲ್ಲಿ ಮೌನಸೊಕ್ಕು, ಮಾತಿನ ಸೊಕ್ಕು ಎಂಬೆರಡು ಅಷ್ಟೇನೂ ಸ್ವಾರಸ್ಯದವಲ್ಲ. ಅಧ್ಯಯನಯೋಗ್ಯವಾದದ್ದು ಅಳಿಯಸೊಕ್ಕು. ಮಾವನ ಮನೆಯಲ್ಲಿ ಊಟವಾದ ಮೇಲೆ ಎಲೆ ಅಡಿಕೆ ತಟ್ಟೆ ಮುಂದೆ ಬರುತ್ತದೆ. ಬೇಡ ಎನ್ನಲು ಮರ್ಯಾದೆ ಅಡ್ಡ. ಎರಡು ನಿಮಿಷದಲ್ಲಿ ಅಳಿಯ 'ಕರೆಂಟು ಲೋ ವೋಲ್ಟೇಜ್ ಇರಬೇಕು' ಎಂದು ಫ್ಯಾನಿನ ಮೇಲೆ ತಪ್ಪು ಹೊರಿಸುತ್ತಾನೆ. ಅತ್ತೆ ಏನೂ ಕೇಳದೆ ಬೆಲ್ಲ, ನೀರು ತಂದಿಡುತ್ತಾಳೆ. ರೋಗನಿರ್ಣಯದಲ್ಲಿ ಅವಳನ್ನು ಮೀರಿಸಿದವರಿಲ್ಲ.

ಮುಂದಿನದು ಕಡ್ಡಿಪುಡಿ ಸೊಕ್ಕು. ಮೊದಲ ದಿನ ವಾಂತಿ. ರೂಢಿಯಾದ ಮೇಲೆ, ಹಾಕಿಕೊಂಡರೆ ಏನೂ ಆಗುವುದಿಲ್ಲ, ಹಾಕಿಕೊಳ್ಳದಿದ್ದರೆ ಎಲ್ಲವೂ ಆಗುತ್ತದೆ. ಇಂಥ ತಲೆಕೆಳಗಾದ ಸೊಕ್ಕಿಗೆ ಪ್ರತ್ಯೇಕ ಅಧ್ಯಾಯ ಬೇಕು, ಬರೆಯುವ ವ್ಯವಧಾನವಿಲ್ಲ. ಭಂಗಿಸೊಪ್ಪಿನ ಸೊಕ್ಕಿನ ವಿಚಾರವನ್ನು ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಸನ್ನಿಧಿಯ ಸಾಧುಗಳಿಗೇ ಬಿಡುತ್ತೇನೆ.

ಇನ್ನು ಅರೆಕೃತಕ ಸೊಕ್ಕು. ಅರ್ಧ ಗಿಡದ್ದು, ಅರ್ಧ ಕಾರ್ಖಾನೆಯದು. 1940ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ರೋಜರ್ ಆಡಮ್ಸ್ ಗಾಂಜಾ ಗಿಡದ ಸಾರಕ್ಕೆ ಹೈಡ್ರೋಜನ್ ಕೂಡಿಸಿ ಎಚ್‌ಎಚ್‌ಸಿ ಎಂಬ ಅಮಲು ಪದಾರ್ಥ ಮಾಡಿದ. ಯುರೋಪಿನ ಅಂಗಡಿಗಳಲ್ಲಿ ಅದು ಕಾಣಿಸಿಕೊಂಡದ್ದು 2022ರಲ್ಲಿ. ಸೇದಿದವರಲ್ಲಿ ಒಬ್ಬ ಹಗುರಾದೆ ಎಂದರೆ, ಇನ್ನೊಬ್ಬ ಗಾಬರಿಯಾಯಿತು ಎಂದ. ನಮ್ಮಲ್ಲಿ ಇದರ ದಾಯಾದಿ ಗುಟ್ಕಾ. ಕರ್ನಾಟಕ 2013ರಲ್ಲಿ ಅದನ್ನು ನಿಷೇಧಿಸಿತು. ಕೂಡಲೇ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಒಂದೇ ಸರದಂತೆ ಅಂಗಡಿ ಮುಂದೆ ತೂಗತೊಡಗಿದವು. ಕಾರ್ಖಾನೆಯ ಕೊನೆಯ ಕೆಲಸ ಈಗ ಗಿರಾಕಿಯ ಅಂಗೈಯಲ್ಲಿ ನಡೆಯುತ್ತದೆ, ಸಂಬಳವಿಲ್ಲದೆ.

ಇಷ್ಟೆಲ್ಲ ಭೇದಗಳಿಗೂ ಸಮಾನವಾದ ಲಕ್ಷಣ ಒಂದೇ: 'ನನಗೇನೂ ಆಗಿಲ್ಲ' ಎಂಬ ವಾಕ್ಯ. ಯಾರೂ ಕೇಳದಿದ್ದಾಗ ಅದು ಹೊರಟರೆ ಸೊಕ್ಕು ಪೂರ್ಣ. ಎರಡು ಸಲ ಹೊರಟರೆ ಬೈಕಿನ ಕೀಲಿ ಕಿತ್ತುಕೊಳ್ಳಬೇಕು. ಹಾಗಾಗಿ ಅನುಭವಿಸಿದವನ ಹೇಳಿಕೆಯನ್ನು ಈ ಶಾಸ್ತ್ರ ಪ್ರಮಾಣವೆಂದು ಒಪ್ಪುವುದಿಲ್ಲ. ಎದುರು ಕೂತವನ ಸಾಕ್ಷಿಯೇ ಪ್ರಮಾಣ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮಾತ್ರ ಈ ಭೇದಗಳಿಗೆಲ್ಲ ಸೊಪ್ಪು ಹಾಕಿಲ್ಲ. ತಂಬಾಕು ಬೆರೆಸದ ಬರೀ ಅಡಿಕೆಯನ್ನೂ ಅದು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೇ ಸೇರಿಸಿದೆ. ಅಡಿಕೆಯಿಂದ ಬಾಯಿ ಬಿಗಿದುಕೊಂಡಿದೆಯೇ ಎಂದು ತಿಳಿಯಲು ಓದುಗರು ಒಮ್ಮೆ ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ಹಿಡಿಸಿ ನೋಡಿ. ಹಿಡಿಸದಿದ್ದರೆ ದಂತವೈದ್ಯರ ಬಳಿ ಹೋಗಿ, ನನಗೇನೂ ಆಗಿಲ್ಲ ಎನ್ನಬೇಡಿ.