ಕಕ್ಕಡದ ಸೊಪ್ಪು

ಟೀಚರೇ, ಅದು ಕಳೆಯಲ್ಲ, ಕೀಳ್ಬೇಡಿ! ಮದ್ದು ಸೊಪ್ಪು ಅದು, ಆಡುಸೋಗೆಯ ನೆಂಟ. ಬೇಲಿ ನಿಮ್ಮದಾದ್ರೂ ಕೊಂಬೆ ಊರಿದ್ದು ನಾನು. ಆಗಸ್ಟ್ 3 ಬರ್ಲಿ, ಇಬ್ರೂ ಕೊಯ್ಯೋಣ.

ಅವತ್ತು ನಮ್ಮ ಕೊಡವರ ಕಕ್ಕಡ ತಿಂಗಳ 18ನೇ ದಿನ. ಆ ತಿಂಗಳಿಗೆ ಅರೆಭಾಷೆಯವರು ಆಟಿ ಅಂತಾರೆ. ಅವತ್ತಿಗೆ ಆ ಗಿಡಕ್ಕೆ ಹದಿನೆಂಟು ಥರದ ಔಷಧಿ ಬಂದು ಸೇರುತ್ತೆ ಅಂತ ಹಿರಿಯರ ಮಾತು.

17ಕ್ಕೆ ಕೊಯ್ದ್ರೆ ಒಂದು ಕಮ್ಮಿಯಾ ಅಂತೀರಾ? ನೀವು ಲೆಕ್ಕದ ಟೀಚರ್ ಅನ್ನೋದು ಮರ್ತಿದ್ದೆ. ಆ ಹದಿನೆಂಟರ ಪಟ್ಟಿ ಕೊಟ್ಟವರನ್ನ ನಾನಂತೂ ಕಾಣೆ. ಪ್ರಯೋಗಾಲಯದವರು ಫೀನಾಲು, ಫ್ಲೇವನಾಯ್ಡು ಅಂತೆಲ್ಲ ಬರೆದಿದ್ದಾರೆ, ಅದೂ ಸರಿಯೇ. ಆದ್ರೆ ನಾಟಿ ಗದ್ದೆಯ ಕೆಸರಲ್ಲಿ ನಿಂತು, ಬಿಡದ ಮಳೇಲಿ ಮೈ ಮರಗಟ್ಟಿರೋ ಹೊತ್ತಿಗೆ ಈ ಸೊಪ್ಪಿನ ಬಿಸಿ ಪಾಯಸ ಹೊಟ್ಟೆಗೆ ಬಿದ್ರೆ, ಯಾರು ಎಣಿಸ್ತಾ ಕೂರ್ತಾರೆ?

ಮಾಡೋದು ಸುಲಭ. ದಂಟಿನ ಸಮೇತ ತೊಳೆದು ನೀರಲ್ಲಿ ಚೆನ್ನಾಗಿ ಕುದಿಸಿ. ನೀರು ನೇರಳೆ ಹಣ್ಣು ಹಿಂಡಿದ ಹಾಗೆ ಆಗುತ್ತೆ, ಮನೆಯೆಲ್ಲ ಘಮ. ಸೋಸಿ, ಆ ರಸದಲ್ಲೇ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನ ಹಾಲು, ಏಲಕ್ಕಿ ಹಾಕಿದ್ರೆ ಪಾಯಸ. ಅಕ್ಕಿತರಿ ಹಾಕಿ ಗಟ್ಟಿಯಾಗಿ ಬೇಯಿಸಿ, ತಟ್ಟೆಗೆ ಸುರಿದು, ಆರಿದ್ಮೇಲೆ ಕತ್ತರಿಸಿದ್ರೆ ಮದ್ದು ಪುಟ್ಟು. ಅದಕ್ಕೆ ಜೇನು, ಕಾಯಿತುರಿ, ತುಪ್ಪ. ತುಪ್ಪಕ್ಕೆ ಮಾತ್ರ ಜಿಪುಣತನ ಬೇಡ.

ಮೊದ್ಲೇ ಹೇಳಿಬಿಡ್ತೀನಿ, ತಿಂದ್ಮೇಲೆ ಮೂತ್ರ ಕೆಂಪಗೆ ಹೋಗುತ್ತೆ. ಗಾಬರಿಯಾಗಿ ಆಸ್ಪತ್ರೆಗೆ ಓಡ್ಬೇಡಿ, ಸೊಪ್ಪಿನ ಬಣ್ಣ ಅಷ್ಟೇ. ಮದ್ದು ಮೈಗೆ ಹತ್ತಿದ್ದಕ್ಕೆ ಅದೇ ಸಾಕ್ಷಿ ಅಂತಾರೆ ನಮ್ಮವರು. ನಾನು ಒಪ್ಪಲ್ಲ, ಬೀಟ್‌ರೂಟ್ ತಿಂದ್ರೂ ಕೆಲವರಿಗೆ ಹಾಗಾಗುತ್ತಲ್ಲ! ಬಣ್ಣ ಹೋಗದೆ ಕೆಂಪಗೇ ಉಳಿದ್ರೆ ಡಾಕ್ಟ್ರಿಗೆ ತೋರಿಸಿ.

ಅಂದ ಹಾಗೆ, ನಿಮ್ಮ ಮೈದುನ ತೂಕ ಇಳಿಸೋಕೆ ಕಾಚಂಪುಳಿ ಹಣ್ಣಿನ ಮಾತ್ರೆ ತರಿಸಿದ್ದಾರಂತೆ? ಬೇಡ ಅನ್ನಿ. ಅಂಥ ಮಾತ್ರೆ ತಗೊಂಡು ಲಿವರ್ ಕೆಡಿಸಿಕೊಂಡವರಿದ್ದಾರೆ, ವೈದ್ಯರೇ ವರದಿ ಮಾಡಿದ್ದಾರೆ. ಆ ಹಣ್ಣಿನ ರಸವನ್ನ ಕಪ್ಪಗೆ, ಗಟ್ಟಿಯಾಗಿ ಕಾಯಿಸಿಟ್ಟು, ಹಂದಿ ಕರಿಗೆ ಒಂದೆರಡು ಚಮಚ ಹಾಕೋದು, ನಮಗೆ ಗೊತ್ತಿರೋ ಬಳಕೆ ಅದು. ನಮ್ಮನೇಲಿ ಒಂದು ಬಾಟಲಿ ಇದೆ. ಹಂದಿ ತಂದ ದಿನ ಕೂಗಿ, ಬೇಲಿ ಮೇಲಿಂದಲೇ ಕೊಡ್ತೀನಿ.