ಗೃಹಲೇತ್ ಪ್ರತಿಷ್ಠಾಪನ ಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥವು ಆರಂಭದಲ್ಲಿಯೇ ತನ್ನ ವಿಷಯ, ಅಧಿಕಾರಿ, ಸಂಬಂಧ ಮತ್ತು ಪ್ರಯೋಜನಗಳೆಂಬ ನಾಲ್ಕು ಅನುಬಂಧಗಳನ್ನು ನಿರೂಪಿಸಬೇಕೆಂಬುದು ಪೂರ್ವಾಚಾರ್ಯರ ವಿಧಿಯಾಗಿರುವುದರಿಂದ, ಕಾರು ನಿಲ್ಲಬೇಕಾದ ಜಾಗದಲ್ಲಿ ಲೇತ್ ನಿಲ್ಲಿಸುವ ಈ ಗಹನ ವಿದ್ಯೆಯೂ ಅದೇ ಕ್ರಮವನ್ನು ಅನುಸರಿಸತಕ್ಕದ್ದು. ಇಲ್ಲಿ ವಿಷಯವೆಂದರೆ ಲೇತ್. ಅಂದರೆ, ಲೋಹದ ತುಂಡೊಂದನ್ನು ಚಕ್ ಎಂಬ ದವಡೆಗಳುಳ್ಳ ಹಿಡಿತದಲ್ಲಿ ಬಿಗಿದು ತಿರುಗಿಸುತ್ತ, ಅದಕ್ಕೆ ಗಟ್ಟಿಯಾದ ಟೂಲನ್ನು ಒಡ್ಡಿ, ಬೇಡವಾದ ಲೋಹವನ್ನು ಸುರುಳಿಸುರುಳಿಯಾಗಿ ಹೆರೆದು ತೆಗೆಯುವ ಯಂತ್ರ. ಅಧಿಕಾರಿಗಳು, ಅಂದರೆ ಈ ವಿದ್ಯೆಗೆ ಅರ್ಹರಾದವರು, ಎರಡು ಬಗೆ: ಜೀವಮಾನವಿಡೀ ಕಾರ್ಖಾನೆಯಲ್ಲಿ ಲೇತ್ ಓಡಿಸಿ ನಿವೃತ್ತನಾದರೂ ತೃಪ್ತನಾಗದ ಟರ್ನರ್ ಒಬ್ಬ, ವಾರವೆಲ್ಲ ಕಂಪ್ಯೂಟರಿನ ಮುಂದೆ ಕುಳಿತು, ಕೈಯಲ್ಲಿ ಹಿಡಿದು ನೋಡಬಹುದಾದ ಒಂದು ವಸ್ತುವನ್ನೂ ಮಾಡದೆ ಕೊರಗುವ ಸಾಫ್ಟ್‌ವೇರ್ ಇಂಜಿನಿಯರ್ ಇನ್ನೊಬ್ಬ. ಮೊದಲನೆಯವನಿಗೆ ಲೇತ್ ಗೊತ್ತಿದೆ, ಎರಡನೆಯವನಿಗೆ ಲೇತಿನ ಬೆಲೆ ಮಾತ್ರ ಗೊತ್ತಿದೆ. ಇವರಿಗೂ ವಿಷಯಕ್ಕೂ ಇರುವ ಸಂಬಂಧವು ಮೋಹವೆಂದು ಎಲ್ಲರೂ ಒಪ್ಪಿರುವುದರಿಂದ ಚರ್ಚೆ ಅನವಶ್ಯಕ. ಪ್ರಯೋಜನವು ವಿವಾದಾಸ್ಪದವಾದ್ದರಿಂದ ಅದನ್ನು ಕೊನೆಗೆ ಮುಂದೂಡಲಾಗಿದೆ.

ಈ ಸಂಪ್ರದಾಯದ ಮೂಲಪುರುಷರಲ್ಲಿ ಲಂಡನ್ನಿನ ಹೆನ್ರಿ ಮಾಡ್‌ಸ್ಲೇ (1771–1831) ಪ್ರಮುಖನು. ಟೂಲನ್ನು ಕೈಯಲ್ಲಿ ಹಿಡಿಯುವ ಬದಲು ಜಾರುವ ಪೀಠಕ್ಕೆ ಬಿಗಿದು, ಆ ಪೀಠವನ್ನು ಲೀಡ್ ಸ್ಕ್ರೂ ಎಂಬ ಉದ್ದನೆಯ ತಿರುಪಿನಿಂದ ನಡೆಸಿ, ಗೇರುಗಳನ್ನು ಬದಲಿಸಿ ಬೇಕಾದ ಮರೆಯನ್ನು, ಅಂದರೆ ಥ್ರೆಡ್ಡನ್ನು, ಕೊರೆಯುವ ಲೇತನ್ನು ಈತ 1800ರ ಆಸುಪಾಸಿನಲ್ಲಿ ಸಿದ್ಧಗೊಳಿಸಿದನು. ತನ್ನ ಕಾರ್ಖಾನೆಯಲ್ಲಿ ಅಳತೆಯ ಜಗಳಗಳನ್ನು ತೀರ್ಮಾನಿಸಲು ಇಟ್ಟುಕೊಂಡಿದ್ದ ಮೈಕ್ರೋಮೀಟರಿಗೆ ಈತ 'ಲಾರ್ಡ್ ಚಾನ್ಸಲರ್' ಎಂದೇ ಹೆಸರಿಟ್ಟಿದ್ದನು, ಏಕೆಂದರೆ ಅದರ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ. ಕನ್ನಡನಾಡಿನ ಶಾಖೆಯು 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್‌ನಿಂದಲೂ, 1953ರಲ್ಲಿ ಬೆಂಗಳೂರಿನ ಎಚ್‌ಎಂಟಿಯಿಂದಲೂ ಕವಲೊಡೆಯಿತು. ಎಚ್‌ಎಂಟಿ ಎಂದರೆ ಕೈಗಡಿಯಾರವೆಂದು ನಂಬಿರುವ ಸಾಮಾನ್ಯಜನರು, ಗಡಿಯಾರವು 1961ರಲ್ಲಿ ಬಂದ ಕಿರಿಯ ಕೂಸೆಂದೂ, ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ತಯಾರಾದ ಲೇತ್ ಅದಕ್ಕಿಂತ ಹಿರಿಯದೆಂದೂ ತಿಳಿಯತಕ್ಕದ್ದು.

ಸ್ಥಳನಿರ್ಣಯದಲ್ಲಿ ವಾಸ್ತುಶಾಸ್ತ್ರವೂ ಯಂತ್ರಶಾಸ್ತ್ರವೂ ಅಪರೂಪಕ್ಕೆ ಕೈಕುಲುಕುತ್ತವೆ. ಭಾರವು ನೈಋತ್ಯದಲ್ಲಿರಬೇಕೆಂದು ವಾಸ್ತು ಹೇಳುತ್ತದೆ. ಭಾರವು ನೆಲಮಹಡಿಯಲ್ಲಿ, ಗಟ್ಟಿ ಕಾಂಕ್ರೀಟಿನ ಮೇಲೆ, ಎಲ್ಲಿ ಬೇಕಾದರೂ ಇರಲಿ ಎಂದು ಯಂತ್ರಶಾಸ್ತ್ರ ಹೇಳುತ್ತದೆ. ಮೂವತ್ತು–ನಲವತ್ತರ ಸೈಟಿನ ಮನೆಯಲ್ಲಿ ನೈಋತ್ಯದಲ್ಲಿ ಆಗಲೇ ಮಲಗುವ ಕೋಣೆಯಿರುವುದರಿಂದ, ಎರಡು ಶಾಸ್ತ್ರಗಳ ಈ ಮೈತ್ರಿ ಪ್ರಾಯೋಗಿಕವಾಗಿ ಉಪಯೋಗಕ್ಕೆ ಬರುವುದಿಲ್ಲ. ಹೊಸದಾಗಿ ಹಾಕಿದ ಕಾಂಕ್ರೀಟು ಪೂರ್ಣ ಬಲ ಪಡೆಯಲು 28 ದಿನ ಕಾಯಬೇಕೆಂಬ ನಿಯಮವನ್ನು ಅಧಿಕಾರಿಯು ಬಾಯಿಪಾಠ ಹೇಳಬಲ್ಲನು, ಪಾಲಿಸಲಾರನು.

ಸಾಗಣೆಯ ಪ್ರಕರಣದಲ್ಲಿ ಹಮಾಲರೇ ಆಚಾರ್ಯರು. ನೂರಾರು ಕಿಲೋ ತೂಗುವ ಲೇತನ್ನು ಅವರು ಹಾರೆಯಿಂದ ಮೀಟಿ, ಕಬ್ಬಿಣದ ಪೈಪುಗಳ ಮೇಲೆ ಉರುಳಿಸುತ್ತಾರೆ. ಅಧಿಕಾರಿಯ ಪಾತ್ರವು 'ಹುಷಾರು' ಎನ್ನುವುದಕ್ಕೆ ಸೀಮಿತ. ಮೋಟಾರು, ಗೇರು, ಚಕ್ಕುಗಳೆಲ್ಲ ಹೆಡ್‌ಸ್ಟಾಕ್ ಎಂಬ ಒಂದು ತುದಿಯ ಕಡೆಗೇ ಗುಂಪುಗೂಡಿರುವುದರಿಂದ ಯಂತ್ರವು ಒಂದು ಪಕ್ಕಕ್ಕೆ ವಾಲುವ ಸ್ವಭಾವದ್ದು. ಆದ್ದರಿಂದ ಎತ್ತುವ ಮುನ್ನ ಸ್ಯಾಡಲನ್ನು, ಅಂದರೆ ಟೂಲನ್ನು ಹೊತ್ತು ಜಾರುವ ಪೀಠವನ್ನು, ಎದುರು ತುದಿಯ ಟೈಲ್‌ಸ್ಟಾಕಿನ ಕಡೆಗೆ ಸರಿಸಿ ಬಿಗಿಯಬೇಕು. ಇದನ್ನು ಮರೆತವರ ಅಂಗಳದ ಟೈಲ್ಸುಗಳೇ ಈ ಸೂತ್ರಕ್ಕೆ ಭಾಷ್ಯ.

ಇನ್ನು ಶಾಸ್ತ್ರದ ಹೃದಯಸ್ಥಾನವಾದ ಸಮತಲ ವಿಚಾರ. ಲೇತ್ ಸರ್ವಥಾ ಮಟ್ಟವಾಗಿಯೇ ಇರಬೇಕೆಂಬುದು ರಸಮಟ್ಟವಾದಿಗಳ ಪೂರ್ವಪಕ್ಷ. ಮೀಟರಿಗೆ 0.02 ಮಿಲಿಮೀಟರ್ ಏರಿಳಿತವನ್ನೂ ತೋರಿಸುವ ರಸಮಟ್ಟವನ್ನು ಸ್ಯಾಡಲ್ ಜಾರುವ ಉದ್ದನೆಯ ಹಾಸಾದ ಬೆಡ್ಡಿನ ಮೇಲಿಟ್ಟು, ಗುಳ್ಳೆಯು ನಡುವಿಗೆ ಬಂದ ಕ್ಷಣ ಇವರು ಉಸಿರು ಬಿಡುತ್ತಾರೆ. ಆ ಉಸಿರಿನ ಬಿಸಿಗೇ ಗುಳ್ಳೆ ಮತ್ತೆ ಸರಿಯುತ್ತದೆ ಎಂದು ವಿರೋಧಿಗಳು ಆಕ್ಷೇಪಿಸುತ್ತಾರೆ. ಸಿದ್ಧಾಂತಿಗಳ ಉತ್ತರವು ಹಡಗಿನಿಂದ ಬರುತ್ತದೆ. ಸಮುದ್ರದ ಮೇಲೆ ಸದಾ ಹೊಯ್ದಾಡುವ ಹಡಗುಗಳ ವರ್ಕ್‌ಶಾಪಿನಲ್ಲಿಯೂ ಲೇತುಗಳಿವೆ, ಅವು ಒಂದು ನಿಮಿಷವೂ ಮಟ್ಟವಾಗಿಲ್ಲ, ಆದರೂ ಅವುಗಳಿಂದ ನೇರವಾದ ದಂಡಗಳು ಹೊರಬರುತ್ತವೆ. ಆದಕಾರಣ ಬೇಕಾದದ್ದು ಮಟ್ಟವಲ್ಲ, ಬೆಡ್ಡಿನಲ್ಲಿ ತಿರುಚು ಇಲ್ಲದಿರುವುದು. ರಸಮಟ್ಟವು ಎರಡು ತುದಿಗಳಲ್ಲಿ ಒಂದೇ ಮಾತು ಹೇಳಿದರೆ ಸಾಕು, ಆ ಮಾತು ಏನೆಂಬುದು ಮುಖ್ಯವಲ್ಲ.

ಎರಕದ ಕಬ್ಬಿಣವು ಬಾಗುವುದಿಲ್ಲವೆಂಬುದು ಲೌಕಿಕರ ಭ್ರಮೆ. ನಾಲ್ಕು ಕಾಲುಗಳಲ್ಲಿ ಒಂದರ ಬೋಲ್ಟನ್ನು ಸ್ವಲ್ಪ ಹೆಚ್ಚು ಬಿಗಿದರೂ ಬೆಡ್ಡು ತಿರುಚಿಕೊಳ್ಳುತ್ತದೆ. ಇದನ್ನು ಕಂಡುಹಿಡಿಯುವ ವಿಧಾನವು ಹೀಗಿದೆ: ದಪ್ಪನೆಯ ದಂಡವೊಂದನ್ನು ಚಕ್ಕಿಗೆ ಬಿಗಿದು, ಇನ್ನೊಂದು ತುದಿಗೆ ಟೈಲ್‌ಸ್ಟಾಕಿನ ಆಸರೆ ಕೊಡದೆ, ಸುಮಾರು 150 ಮಿಲಿಮೀಟರ್ ಹೊರಚಾಚುವಂತೆ ಬಿಟ್ಟು, ಎರಡು ತುದಿಗಳಲ್ಲಿ ಒಂದೊಂದು ಪಟ್ಟಿಯನ್ನು ಉಳಿಸಿ ನಡುವನ್ನು ತಗ್ಗಿಸಬೇಕು. ಬಳಿಕ ಟೂಲಿನ ಅಳತೆಯನ್ನು ಮುಟ್ಟದೆ ಎರಡೂ ಪಟ್ಟಿಗಳ ಮೇಲೆ ತೀರ ತೆಳ್ಳನೆಯ ಕಟ್ ತೆಗೆದು ಮೈಕ್ರೋಮೀಟರಿನಿಂದ ಅಳೆಯಬೇಕು. ಹೊರತುದಿಯ ಪಟ್ಟಿ ದಪ್ಪಗಿದ್ದರೆ, ಅಲ್ಲಿ ಟೂಲು ದಂಡದಿಂದ ದೂರ ಸರಿದಿದೆಯೆಂದು ಅರ್ಥ. ಆಗ ಟೈಲ್‌ಸ್ಟಾಕಿನ ಕಡೆಯ ಮುಂಗಾಲಿಗೆ ತೆಳು ತಗಡಿನ ಪ್ಯಾಕಿಂಗ್ ಕೊಟ್ಟು ಎತ್ತಬೇಕು, ತೆಳ್ಳಗಿದ್ದರೆ ಹಿಂಗಾಲಿಗೆ. ಮತ್ತೆ ಕಟ್, ಮತ್ತೆ ಅಳತೆ, ಮತ್ತೆ ತಗಡು. ದಂಡವು ಸವೆದು ಪೆನ್ಸಿಲಿನಂತಾದಾಗ ಹೊಸ ದಂಡವನ್ನು ತರುವುದೂ ವಿಧಿಯ ಅಂಗವೇ. ಕಾಂಕ್ರೀಟು ಕುಳಿತಂತೆಲ್ಲ ಈ ಪರೀಕ್ಷೆಯನ್ನು ಪುನಃ ಮಾಡಬೇಕೆಂದು ಶಾಸ್ತ್ರವು ಹೇಳುವುದರಿಂದ, ಅಧಿಕಾರಿಯ ಭಾನುವಾರಗಳು ವ್ಯರ್ಥವಾಗುವ ಭಯವಿಲ್ಲ.

ವಿದ್ಯುತ್ತಿನ ವಿಚಾರ ಸಂಕ್ಷಿಪ್ತವಾದದ್ದು. ಕಾರ್ಖಾನೆಯಿಂದ ಬಂದ ಹಳೆಯ ಲೇತಿಗೆ ಮೂರು ಫೇಸ್ ಬೇಕು, ಮನೆಯಲ್ಲಿ ಸಾಮಾನ್ಯವಾಗಿ 230 ವೋಲ್ಟಿನ ಒಂದೇ ಫೇಸ್ ಇರುತ್ತದೆ. ಒಂದನ್ನು ಮೂರಾಗಿಸುವ ವಿಎಫ್‌ಡಿ ಎಂಬ ಪೆಟ್ಟಿಗೆಯನ್ನು ಇಟ್ಟು, ಮೋಟಾರಿನ ಒಳಸುತ್ತುಗಳು ಅವಕಾಶ ಕೊಟ್ಟರೆ ಡೆಲ್ಟಾ ಜೋಡಣೆಗೆ ಬದಲಿಸಿ, ಪೆಟ್ಟಿಗೆಗೂ ಮೋಟಾರಿಗೂ ನಡುವೆ ಬೇರೆ ಸ್ವಿಚ್ ಹಾಕದೆ ನೇರವಾಗಿ ತಂತಿ ಎಳೆಯತಕ್ಕದ್ದು. ಅರ್ಥಿಂಗ್ ಬಗ್ಗೆ ಶಾಸ್ತ್ರದಲ್ಲಿ ಹಾಸ್ಯಕ್ಕೆ ಅವಕಾಶವಿಲ್ಲ.

ಆಚಾರಕಾಂಡದಲ್ಲಿ ಎರಡು ನಿಷೇಧಗಳು ಪ್ರಧಾನವಾದವು. ಪಂಚೆ, ಸಡಿಲ ತೋಳಿನ ಅಂಗಿ, ಬಟ್ಟೆಯ ಕೈಗವಸು, ಇವುಗಳಿಂದ ಭೂಷಿತನಾದವನು ತಿರುಗುವ ಚಕ್ಕಿನ ಬಳಿ ಸುಳಿಯಕೂಡದು. ಚಕ್ ಕೀ ಚಕ್ಕಿನಲ್ಲಿರುವಾಗ ಅದರಿಂದ ಕೈ ತೆಗೆಯಕೂಡದು, ತೆಗೆದವನ ಕಡೆಗೇ ಅದು ಹಾರುತ್ತದೆ. ಇನ್ನು ಆಯುಧಪೂಜೆಯಂದು ಎಲ್ಲಿ ಕುಂಕುಮ ಹಚ್ಚಬೇಕೆಂಬ ವಿಷಯದಲ್ಲಿ ಮನೆಯ ಹಿರಿಯರಿಗೂ ಯಂತ್ರಜ್ಞರಿಗೂ ಮತಭೇದವಿದೆ. ಹೆಡ್‌ಸ್ಟಾಕಿನ ಬಣ್ಣ ಬಳಿದ ಮೈಗೆ ಹಚ್ಚಿದ ಗಂಧ-ಕುಂಕುಮ ನಿರಪಾಯಕರ. ಆದರೆ ಹೊಳಪಿನ ಬೆಡ್ಡಿನ ಮೇಲೆ ಇಟ್ಟ ನಿಂಬೆಹಣ್ಣಿನ ಹುಳಿ ರಾತ್ರಿ ಕಳೆಯುವುದರೊಳಗೆ ತುಕ್ಕಿನ ಮುದ್ರೆ ಒತ್ತುತ್ತದೆ. ಭಕ್ತಿಗೆ ಭಂಗ ಬಾರದಂತೆ ಮೊದಲು ಎಣ್ಣೆ ಸವರಿ, ಹಣ್ಣನ್ನು ಚಿಪ್ಸ್ ಟ್ರೇಯಲ್ಲಿ ಇಡುವುದು ಮಧ್ಯಮಮಾರ್ಗ. ಆ ಟ್ರೇಯ ಉಕ್ಕಿನ ಚೂರುಗಳು ಚಪ್ಪಲಿಯ ತಳಕ್ಕೆ ಚುಚ್ಚಿಕೊಂಡು ಹಾಲಿಗೆ ಪ್ರವೇಶಿಸಿ ಬರಿಗಾಲಿನವರನ್ನು ಎದುರುಗೊಳ್ಳುವುದೇ ಈ ಶಾಸ್ತ್ರವನ್ನು ಕುಟುಂಬದೊಳಗೆ ಅಪಖ್ಯಾತಿಗೆ ಗುರಿಮಾಡಿದೆ. ಪ್ರಾಯಶ್ಚಿತ್ತ ಸುಲಭ: ಶೆಡ್ಡಿಗೆ ಬೇರೆಯದೇ ಚಪ್ಪಲಿ.

ಉಳಿದದ್ದು ಪ್ರಯೋಜನ. ಲೇತ್ ಖರೀದಿಗೆ ಸಮ್ಮತಿ ಪಡೆಯುವಾಗ ಮಿಕ್ಸಿಯ ಕಪ್ಲರು, ಗೇಟಿನ ಬುಷ್ಷು, ನಲ್ಲಿಯ ಸ್ಪಿಂಡಲುಗಳನ್ನು ಮನೆಯಲ್ಲಿಯೇ ಮಾಡಿಕೊಡುವುದಾಗಿ ಅಧಿಕಾರಿಯು ಪ್ರತಿಜ್ಞೆ ಮಾಡಿರುತ್ತಾನೆ. ಪ್ರತ್ಯಕ್ಷ ಪ್ರಮಾಣದಿಂದ ತಿಳಿಯುವುದೇನೆಂದರೆ, ಮೊದಲು ತಯಾರಾಗುವುದು ಟೂಲಿನ ಎತ್ತರ ಹೊಂದಿಸುವ ಪ್ಯಾಕಿಂಗ್, ಅನಂತರ ಡಯಲ್ ಗೇಜಿನ ಸ್ಟ್ಯಾಂಡ್, ಅನಂತರ ಆ ಸ್ಟ್ಯಾಂಡಿನ ಸ್ಕ್ರೂ. ಗೃಹಲೇತಿನಿಂದ ಹೊರಬರುವುದರಲ್ಲಿ ಹೆಚ್ಚಿನ ಪಾಲು ಲೇತಿಗೇ ಸಲ್ಲುವುದರಿಂದ, ಈ ಯಂತ್ರವು ಪ್ರಯೋಜನಕ್ಕಾಗಿ ಇರುವುದಲ್ಲ, ಸ್ವತಃ ಪ್ರಯೋಜನವೇ ಆಗಿದೆ ಎಂಬುದು ಸಿದ್ಧಾಂತ. ಮಿಕ್ಸಿಯ ಕಪ್ಲರು ಬೇಕಾದವರು ಅಂಗಡಿಯಿಂದ ತರಿಸಿಕೊಳ್ಳತಕ್ಕದ್ದು. ಹಳೆಯದನ್ನು ಜೊತೆಯಲ್ಲಿ ಒಯ್ದರೆ ಅಳತೆ ತಪ್ಪುವುದಿಲ್ಲ.