ಆನೆಗೆ ಕಾಲರ್, ಅಜ್ಜಿಗೆ ಹೆಬ್ಬೆಟ್ಟು

ನಮ್ಮದು ಯುವಕರ ದೇಶವಂತೆ. ಹೇಳುವವರಿಗೇ ಎಪ್ಪತ್ತು ದಾಟಿರುತ್ತದೆ.

ಸಕಲೇಶಪುರ, ಆಲೂರಿನ ಗುಡ್ಡಗಳಲ್ಲೂ ಯುವಕರಿದ್ದಾರೆ. ಶನಿವಾರ ಬೆಳಿಗ್ಗೆ ಬೆಂಗಳೂರಿಂದ ಬರುತ್ತಾರೆ, ಭಾನುವಾರ ಸಂಜೆ ಹೋಗುತ್ತಾರೆ. ಹುಟ್ಟಿ ಬೆಳೆದ ಮನೆಗೆ ಹೋಮ್‌ಸ್ಟೇ ಬೋರ್ಡು. 'ಅಜ್ಜಿಯ ಕೈರುಚಿ' ಅಂತ ಜಾಹೀರಾತು. ಅಕ್ಕಿರೊಟ್ಟಿಯ ದುಡ್ಡು ಮಗನ ಖಾತೆಗೆ, ಹೊಗೆ ಅಜ್ಜಿಯ ಕಣ್ಣಿಗೆ.

2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇ 15ಕ್ಕೂ ಹೆಚ್ಚು ಬೆಳೆಯಿತು. ಈ ಗುಡ್ಡಗಳಿರುವ ಹಾಸನ ಜಿಲ್ಲೆಯದು ಶೇ 3ರ ಆಸುಪಾಸು. ಮಕ್ಕಳು ಹುಟ್ಟಿದ್ದು ಕಡಿಮೆ, ಹುಟ್ಟಿದವರು ಊರಲ್ಲಿ ಉಳಿದದ್ದು ಇನ್ನೂ ಕಡಿಮೆ. ಮನೆ ಕಾಯಲು ಮುದುಕರು.

1961ರಲ್ಲಿ ದೇಶದ ನೂರು ಜನರಲ್ಲಿ ಅರವತ್ತು ದಾಟಿದವರು ಆರು ಮಂದಿಯೂ ಇರಲಿಲ್ಲ. 2011ಕ್ಕೆ ಎಂಟೂವರೆ ಮೀರಿತು, ಕರ್ನಾಟಕದಲ್ಲಿ ಒಂಬತ್ತೂವರೆ. 2036ಕ್ಕೆ ಹದಿನೈದು ಎಂಬ ಅಂದಾಜು ಸರ್ಕಾರದ್ದೇ. ಇವತ್ತು ಎಷ್ಟು? 2021ರ ಜನಗಣತಿ 2027ಕ್ಕೆ ಹೋಗಿದೆ. ಲೆಕ್ಕಕ್ಕೆ ಸಿಗಬೇಕೆಂಬ ಆಸೆಯಿರುವ ಹಿರಿಯರು ಅಲ್ಲಿಯವರೆಗೆ ದಯವಿಟ್ಟು ಸಾಯಬಾರದು.

ಇಲ್ಲಿನ ಕಾಡಾನೆಯ ಲೆಕ್ಕ ಮಾತ್ರ ಪಕ್ಕಾ. ಕೊರಳಿಗೆ ರೇಡಿಯೊ ಕಾಲರ್. ಯಾವ ತೋಟದ ಕಡೆ ಹೊರಟಿತೆಂದು ಮೊಬೈಲಿಗೆ ಸಂದೇಶ. ಇರಲಿ, ಜೀವ ಉಳಿಸುವ ಕೆಲಸ. ಆದರೆ ಲೈನ್‌ಮನೆಯ ಅಜ್ಜಿ ಮೂರು ದಿನ ಜ್ವರದಲ್ಲಿ ಮಲಗಿದರೆ ಯಾರ ಮೊಬೈಲೂ ಕಿಣಿ ಅನ್ನುವುದಿಲ್ಲ.

ಆ ಅಜ್ಜಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತದೆ. ತಿಂಗಳಿಗೆ 1200 ರೂಪಾಯಿ. ಯೋಜನೆಗೆ ಹೆಸರಿಟ್ಟವನು ಕವಿ, ಮೊತ್ತ ಬರೆದವನು ಜಿಪುಣ. ದೆಹಲಿ ಇನ್ನೂ ಮೇಲು. ಎಂಬತ್ತು ತುಂಬದ ಬಡ ವೃದ್ಧರಿಗೆ ಅದು ಕೊಡುವ ಪಾಲು 2007ರಲ್ಲೂ 200, ಈಗಲೂ 200. ಬೆಲೆ ಏರುವುದು ಅಂಗಡಿಯಲ್ಲಿ ಮಾತ್ರ ಅಂತ ಅಲ್ಲಿ ಯಾರೋ ನಂಬಿದ್ದಾರೆ.

ಹಾಗಂತ ಹಿರಿಯರನ್ನು ಮರೆತೇಬಿಟ್ಟಿದ್ದಾರೆ ಅನ್ನಬೇಡಿ. 2025ರಲ್ಲಿ ಮಾಜಿ ಶಾಸಕರ ಪಿಂಚಣಿ 50,000ದಿಂದ 75,000ಕ್ಕೇರಿತು. ಅವರೂ ಹಿರಿಯ ನಾಗರಿಕರೇ. ಸ್ವಲ್ಪ ಹೆಚ್ಚು ಹಿರಿಯರು.

ಹೆತ್ತವರ ಪೋಷಣೆಗೆ 2007ರ ಕಾನೂನೂ ಇದೆ. ನೋಡಿಕೊಳ್ಳದ ಮಗನ ಮೇಲೆ ಉಪವಿಭಾಗಾಧಿಕಾರಿಯ ಮುಂದೆ ದೂರು ಕೊಡಬಹುದು. ಅಂದರೆ ಹೆತ್ತವಳು ಬಸ್ಸು ಹತ್ತಿ ಸಕಲೇಶಪುರಕ್ಕೆ ಹೋಗಿ, ಹೆತ್ತ ಮಗನನ್ನೇ ಪ್ರತಿವಾದಿ ಅನ್ನಬೇಕು. ಎಷ್ಟು ತಾಯಂದಿರು ಹೋಗುತ್ತಾರೆ? ಕೇಳಿದರೆ 'ಪಾಪ, ಅವನಿಗೂ ಇಎಂಐ ಇದೆ' ಅನ್ನುತ್ತಾರೆ.

ಮೊನ್ನೆ ಲೈನ್‌ಮನೆಯ ಆ ಅಜ್ಜಿಯ ಜೊತೆ ಪಿಂಚಣಿ ಬಿಡಿಸಲು ಹೋಗಿದ್ದೆ. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರು. ಕೆಂಪು ದೀಪ. ಸೆರಗಿಗೆ ಒರೆಸಿ ಇಟ್ಟರು. ಕೆಂಪು. 'ಅಜ್ಜಿ, ಒತ್ತಿ ಹಿಡೀರಿ' ಅಂದ ಹುಡುಗ. ಒತ್ತಿದರು. ಮತ್ತೆ ಕೆಂಪು. ಐವತ್ತು ವರ್ಷ ಕಾಫಿ ಹಣ್ಣು ಬಿಡಿಸಿದ ಬೆರಳು, ಗೆರೆಯೇ ಉಳಿದಿಲ್ಲ. 'ಏನ್ ಮಾಡ್ಲಪ್ಪ, ಗೆರೆ ಎಲ್ಲಾ ಗಿಡಕ್ಕೇ ಹೋಯ್ತು' ಅಂದರು. ಹುಡುಗ ಮುಂದಿನವರನ್ನು ಕರೆದ.

ಇದೇ ಅಜ್ಜಿಯ ಮನೆಗೆ 2023ರ ವಿಧಾನಸಭಾ ಚುನಾವಣೆಯಲ್ಲಿ ಸರ್ಕಾರವೇ ನಡೆದು ಬಂದಿತ್ತು. ಎಂಬತ್ತು ದಾಟಿದವರಿಗೆ ಮನೆಯಿಂದಲೇ ಮತ. ಅಧಿಕಾರಿ, ಪೊಲೀಸು, ವಿಡಿಯೊ ಕ್ಯಾಮೆರಾ, ಎಲ್ಲ ಆ ಕೆಸರುದಾರಿ ಹತ್ತಿ ಬಂದಿದ್ದರು.

ಅವತ್ತು ಅಜ್ಜಿ ಬದುಕಿದ್ದಾರೋ ಇಲ್ಲವೋ ಎಂಬ ಅನುಮಾನ ಯಾವ ಯಂತ್ರಕ್ಕೂ ಬರಲಿಲ್ಲ.